ಒರೆಸದ ಪಾಟಿಗಳು

1968ರಲ್ಲಿ ಜರ್ಮನಿಯ ನೊಯ್‌ವೀಡ್ ಪಟ್ಟಣದ ಹೊರವಲಯದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಆ ಸೀಮೆಯಲ್ಲಿ ಮನೆಯೆಂದರೆ ಮೊದಲು ನೆಲಮಾಳಿಗೆ. ಗುಂಡಿ ತೋಡುತ್ತ ಹೋದಾಗ ಮೇಲಿನ ಮಣ್ಣು ಮುಗಿದು ಬೂದುಬಿಳಿ ಪ್ಯೂಮಿಸ್ ಕಲ್ಲಿನ ಪದರ ಸಿಕ್ಕಿತು. ಅದರಲ್ಲಿ ಅಚ್ಚರಿಯೇನಿಲ್ಲ. ನಾವು ಹಿಮ್ಮಡಿ ತಿಕ್ಕಲು ಬಳಸುವ ಆ ಹಗುರ ಕಲ್ಲು ಅಲ್ಲಿ ಊರೂರಿನ ನೆಲದಡಿ ಇದೆ. ಅದನ್ನು ಅಗೆದು ಕಟ್ಟಡದ ಇಟ್ಟಿಗೆ ಮಾಡುವ ಉದ್ದಿಮೆಯೇ ಆ ಬಯಲಲ್ಲಿ ಬೆಳೆದಿದೆ. ಪ್ಯೂಮಿಸ್‌ನ ಕೆಳಗಿನ ಹಳದಿ ಮಣ್ಣಿನಲ್ಲಿ ಮಾತ್ರ ಎಲುಬುಗಳಿದ್ದವು, ಚಕಮಕಿ ಕಲ್ಲಿನ ಚೂರುಗಳಿದ್ದವು, ನೆಲಕ್ಕೆ ಹಾಸಿದ ಸ್ಲೇಟು ಕಲ್ಲಿನ ಚಪ್ಪಡಿಗಳಿದ್ದವು. ಕೊಲೋನ್ ವಿಶ್ವವಿದ್ಯಾಲಯದ ಗೆರ್ಹಾರ್ಡ್ ಬೊಸಿನ್‌ಸ್ಕಿ ಅಗೆತ ಶುರು ಮಾಡಿದರು. ಅದು 1976ರವರೆಗೂ ನಡೆಯಿತು. ಚಪ್ಪಡಿಗಳನ್ನು ತೊಳೆದು ಬೆಳಕಿಗೆ ಓರೆಯಾಗಿ ಹಿಡಿದಾಗ ಮೈತುಂಬ ಗೆರೆಗಳು ಕಂಡವು. ಗೆರೆಗಳ ನಡುವೆ ಕುದುರೆ, ಮ್ಯಾಮತ್, ಖಡ್ಗಮೃಗ, ಹಕ್ಕಿ, ಮತ್ತು ತಲೆಯಿಲ್ಲದ ನೂರಾರು ಹೆಂಗಸರು.

ಆ ಜಾಗದ ಹೆಸರು ಗೊನ್ನರ್ಸ್‌ಡೋರ್ಫ್. ಅಲ್ಲಿ ಬೀಡುಬಿಟ್ಟಿದ್ದವರು ಇಂದಿಗೆ ಸುಮಾರು 15,800 ವರ್ಷ ಹಿಂದಿನ ಬೇಟೆಗಾರರು. ಯುರೋಪಿನ ಪುರಾತತ್ವದವರು ಅವರ ಕಾಲವನ್ನು ಮ್ಯಾಗ್ಡಲೇನಿಯನ್ ಎನ್ನುತ್ತಾರೆ. ಗದಗ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಈ ಹೆಸರು ಹಳೆಯ ಕಲಾ ಇತಿಹಾಸದ ಪುಸ್ತಕವೊಂದರಲ್ಲಿ, ಅಂಗುಲದಷ್ಟು ಚಿತ್ರದ ಕೆಳಗೆ ಮೊದಲು ಕಂಡಿತ್ತು. ಗುಹೆಯ ಗೋಡೆಯ ಚಿತ್ರಗಳಿಗೆ ಬಣ್ಣದ ಇಡೀ ಪುಟಗಳು, ಈ ಕೈಗಲ್ಲುಗಳಿಗೆ ಒಂದು ಪ್ಯಾರಾ. ಈಗಲೂ ಹೆಚ್ಚುಕಡಿಮೆ ಹಾಗೆಯೇ ಇದೆ. ಲಾಸ್ಕೋ, ಆಲ್ತಮಿರಾ ಎಂದರೆ ಓದಿದವರೆಲ್ಲ ತಲೆಯಾಡಿಸುತ್ತಾರೆ. ಎತ್ತಿಕೊಂಡು ಓಡಾಡಬಹುದಾದ ಗೀರುಗಲ್ಲಿನ ಮಾತು ತೆಗೆದರೆ ಚಹಾ ತಣ್ಣಗಾಗುತ್ತದೆ. ಮಗಳು ಬಾನ್ ನಗರದಲ್ಲಿ ನೌಕರಿ ಹಿಡಿದು, 'ಅಪ್ಪಾ, ಬೇಸಿಗಿಗೆ ಬರ್ರಿ' ಎಂದಾಗ ನಾನು ನಕಾಶೆಯಲ್ಲಿ ಮೊದಲು ಹುಡುಕಿದ್ದು ನೊಯ್‌ವೀಡ್ ಎಷ್ಟು ದೂರ ಎಂಬುದನ್ನು. ರೈನ್ ನದಿಯ ಬಲದಂಡೆಯಲ್ಲೇ ರೈಲು ಹೋಗುತ್ತದೆ, ಒಂದು ಗಂಟೆಯೂ ಬೇಡ.

ರೈಲಿನ ಕಿಟಕಿಯಿಂದ ಕಾಣುವುದು ದ್ರಾಕ್ಷಿ ತೋಟದ ಇಳಿಜಾರು, ಸರಕು ಹೊತ್ತ ಉದ್ದನೆಯ ದೋಣಿಗಳು, ಮತ್ತು ಕಪ್ಪು ಮಾಡುಗಳು. ಆ ಕಡೆ ಚರ್ಚು, ಕೋಟೆ, ಸಾಮಾನ್ಯರ ಮನೆ ಎಲ್ಲದಕ್ಕೂ ಸ್ಲೇಟು ಕಲ್ಲಿನದೇ ಹೊದಿಕೆ. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂಡಿಸಿರುತ್ತಾರೆ. ಗುಡ್ಡ ಕಡಿದಲ್ಲೆಲ್ಲ ಅದೇ ಕಲ್ಲು ಪದರ ಪದರವಾಗಿ ಇಣುಕುತ್ತದೆ. ಹಿಮಯುಗದ ಬೇಟೆಗಾರರು ಅದನ್ನು ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ.

ನೊಯ್‌ವೀಡ್‌ನಲ್ಲಿ ಇಳಿದರೆ ನದಿಯ ಮೇಲಿನ ಸೇತುವೆಗೆ ರೈಫೈಸನ್ನನ ಹೆಸರು. ಸಹಕಾರಿ ಪತ್ತಿನ ಸಂಘಗಳ ಕಲ್ಪನೆಗೆ ಜಗತ್ತಿನಲ್ಲೇ ರೂಪ ಕೊಟ್ಟವರಲ್ಲಿ ಒಬ್ಬನಾದ ಆತ, ಈಗ ನೊಯ್‌ವೀಡ್‌ನ ಭಾಗವಾಗಿರುವ ಹೆಡ್ಡೆಸ್‌ಡೋರ್ಫ್‌ನಲ್ಲಿ ಮೇಯರ್ ಆಗಿದ್ದ. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದ ಬೇರು ಹುಡುಕುತ್ತ ಹೋದರೆ ಈ ಊರಿಗೇ ಬಂದು ಮುಟ್ಟುತ್ತದೆ. ಕಲ್ಲು ನೋಡಲು ಬಂದವನಿಗೆ ಕಣಗಿನಹಾಳ ಎದುರಾದದ್ದು ನನಗೇ ನಗು ತಂದಿತು. ಮಗಳಿಗೆ ಹೇಳಿದರೆ 'ಸೊಸೈಟಿ ಸಾಲ ತೀರಸಾಕ ಬಂದೀರೇನು?' ಎಂದಳು.

ಗೊನ್ನರ್ಸ್‌ಡೋರ್ಫ್‌ನಲ್ಲಿ ನೋಡಲು ಏನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನದಿಯ ಮೇಲಿನ ದಿಣ್ಣೆಯಲ್ಲಿ ಮನೆಗಳು, ಕತ್ತರಿಸಿದ ಬೇಲಿ, ಕಾರು, ಹುಲ್ಲಿನ ಮೇಲೆ ಮಕ್ಕಳ ಜಾರುಬಂಡಿ. ಅಲ್ಲಿ ನಿಂತು ಕೆಳಗೆ ನೋಡಿದರೆ ಮಾತ್ರ ಬೇಟೆಗಾರರು ಆ ಜಾಗವನ್ನೇ ಯಾಕೆ ಆರಿಸಿಕೊಂಡರೆಂದು ತಿಳಿಯುತ್ತದೆ. ರೈನ್ ಕಣಿವೆ ಇಲ್ಲಿ ಕಿರಿದಾಗುತ್ತದೆ. ಬಯಲಲ್ಲಿ ಮೇಯುವ ಕುದುರೆಗಳ ಹಿಂಡು ನದಿಯಗುಂಟ ಸಾಗಬೇಕಾದರೆ ಈ ಇಕ್ಕಟ್ಟಿನಲ್ಲೇ ಹಾಯಬೇಕು. ಆಗ ಇಲ್ಲಿ ಕಾಡು ಇರಲಿಲ್ಲ. ಹುಲ್ಲುಗಾವಲು, ಗಾಳಿ, ಹಿಮಸಾರಂಗ, ಹಿಮನರಿ, ಮತ್ತು ಕುದುರೆ. ಅಗೆತದಲ್ಲಿ ಸಿಕ್ಕ ಎಲುಬುಗಳಲ್ಲಿ ಕುದುರೆಯದೇ ಮೇಲುಗೈ. ಎದುರು ದಂಡೆಯ ಆಂಡರ್ನಾಖ್‌ನಲ್ಲೂ ಅದೇ ಕಾಲದ ಬೀಡು ಇದೆ. 1883ರಲ್ಲಿ ಪ್ಯೂಮಿಸ್ ಅಗೆಯುವಾಗ ಸುಳಿವು ಸಿಕ್ಕಿ, ಹೆರ್ಮಾನ್ ಶಾಫ್‌ಹೌಸನ್ ಅದನ್ನು ಅಗೆದು ನೋಡಿದರು. ನಿಯಾಂಡರ್ಥಾಲ್ ತಲೆಬುರುಡೆಯನ್ನು ಮೊದಲು ವರ್ಣಿಸಿದವರಲ್ಲಿ ಅವರೂ ಒಬ್ಬರು.

ಎರಡೂ ಬೀಡುಗಳನ್ನು ಉಳಿಸಿಕೊಟ್ಟದ್ದು ಒಂದು ಜ್ವಾಲಾಮುಖಿ. ಸುಮಾರು 13,000 ವರ್ಷದ ಹಿಂದೆ ಹತ್ತಿರದ ಲಾಖರ್ ಸರೋವರದ ಜಾಗ ಸಿಡಿಯಿತು. ಸರೋವರವೇ ಆ ಸಿಡಿತದ ಬಾಯಿ. ಉದುರಿದ ಪ್ಯೂಮಿಸ್ ಇಡೀ ಬಯಲನ್ನು ಮುಚ್ಚಿತು, ರೈನ್ ನದಿಯನ್ನೂ ಕೆಲಕಾಲ ಕಟ್ಟಿ ನಿಲ್ಲಿಸಿತು. ಗೊನ್ನರ್ಸ್‌ಡೋರ್ಫ್‌ನವರು ಅಷ್ಟರಲ್ಲಿ ಎದ್ದುಹೋಗಿ ಎರಡೂವರೆ ಸಾವಿರ ವರ್ಷಕ್ಕಿಂತ ಹೆಚ್ಚಾಗಿತ್ತು. ಪಾಂಪೆಯಂತೆ ಜನ ಓಡುವಾಗ ಬಿದ್ದ ಬೂದಿಯಲ್ಲ ಇದು. ಅವರ ಬೀಡಿನ ಮೇಲೆ ಗಾಳಿ ತಂದ ಮಣ್ಣು ಮೊದಲೇ ಕೂತಿತ್ತು, ಪ್ಯೂಮಿಸ್ ಅದರ ಮೇಲೆ ಬಿದ್ದು ಮುಚ್ಚಳ ಹಾಕಿತು, ಅಷ್ಟೇ.

ನೊಯ್‌ವೀಡ್‌ನ ಮೇಲಿನ ಕಾಡಿನಲ್ಲಿ ಮೊನ್‌ರೆಪೋ ಎಂಬ ಸಂಶೋಧನಾ ಕೇಂದ್ರ, ಅದಕ್ಕೆ ಅಂಟಿಕೊಂಡು ಮ್ಯೂಸಿಯಂ. ವೀಡ್ ರಾಜಮನೆತನದವರ ಹಳೆಯ ಬಂಗಲೆ ಅದು. ಮೊದಲ ಚಪ್ಪಡಿಯ ಎದುರು ನಿಂತಾಗ ನನಗೆ ಕಂಡದ್ದು ಒಂದು ಕಪ್ಪು ಕಲ್ಲು. ಅಂಗೈ ಅಗಲಕ್ಕಿಂತ ಕೊಂಚ ದೊಡ್ಡದು, ಒಂದು ಮೂಲೆ ಮುರಿದಿದೆ, ಮೇಲೆಲ್ಲ ಗೀರು. ಬಾಗಿದೆ, ಮಂಡಿಯೂರಿದೆ, ಕನ್ನಡಕ ತೆಗೆದು ಹಾಕಿದೆ. ಪಕ್ಕದಲ್ಲಿ ಅದೇ ಕಲ್ಲಿನ ನಕಲುಚಿತ್ರ ಬಿಳಿ ಕಾಗದದ ಮೇಲೆ ಕಪ್ಪು ಗೆರೆಯಲ್ಲಿ ಅಚ್ಚುಕಟ್ಟಾಗಿ ನಿಂತಿತ್ತು: ಕುದುರೆಯ ತಲೆ, ನಿಗುರಿದ ಕೇಸರ, ಕಣ್ಣು, ಮೂಗಿನ ಹೊಳ್ಳೆ. ಚಿತ್ರ ನೋಡಿ ಕಲ್ಲು ನೋಡಿದರೆ ಕುದುರೆ ಇದೆ. ಚಿತ್ರ ಬಿಟ್ಟು ಕಲ್ಲು ನೋಡಿದರೆ ಇಲ್ಲ.

ನಾನು ಹೀಗೆ ಏಳುತ್ತ ಕೂರುತ್ತ ಇರುವುದನ್ನು ಕಂಡು ಅಲ್ಲಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಮಾತಾಡಿಸಿದಳು. ಎಲ್ಲಿಂದ, ಏನು ಕೆಲಸ ಎಂದು ಕೇಳಿ, ಡ್ರಾಯಿಂಗ್ ಮಾಸ್ತರ ಎಂದ ಮೇಲೆ ತುಸು ಹುರುಪಾದಳು. ಒಳಗಿನ ಮೇಜೊಂದರ ಮೇಲೆ ಅಭ್ಯಾಸಕ್ಕೆಂದು ಇಟ್ಟಿದ್ದ ಅಚ್ಚಿನ ಪ್ರತಿಯೊಂದನ್ನು ತೋರಿಸಿ, ಕೋಣೆಯ ದೀಪ ಆರಿಸಿ, ಚಿಕ್ಕ ಟಾರ್ಚೊಂದನ್ನು ಕಲ್ಲಿನ ಅಂಚಿಗೆ ಹೆಚ್ಚುಕಡಿಮೆ ತಾಗುವಂತೆ ಮಲಗಿಸಿ ಹಿಡಿದಳು. ಬೆಳಕು ಮೇಲ್ಮೈ ಸವರಿಕೊಂಡು ಹೋಯಿತು. ಗೀರಿನ ಒಂದು ದಡ ಬೆಳಗಿ ಇನ್ನೊಂದು ದಡ ಕಪ್ಪಾಯಿತು. ಎಡದಿಂದ ಹಿಡಿದಾಗ ಒಂದು ಬೆನ್ನು ಎದ್ದಿತು. ಟಾರ್ಚನ್ನು ನಿಧಾನಕ್ಕೆ ಮೇಲಿನ ಅಂಚಿಗೆ ಸರಿಸಿದಳು: ಆ ಬೆನ್ನು ಮುಳುಗಿ, ಅದರ ಹಿಂದೆ ಮತ್ತೊಂದು ಬೆನ್ನು, ಅದಕ್ಕೆ ಸೇರಿದ ದುಂಡು ನಿತಂಬ, ಕೆಳಗೆ ಕಿರಿದಾಗುತ್ತ ಹೋಗಿ ಪಾದವಿಲ್ಲದೆ ಮುಗಿದ ಕಾಲು. ಬೆಳಕಿನ ದಿಕ್ಕಿಗೆ ಸಮನಾಗಿ ಓಡುವ ಗೆರೆ ಕಾಣುವುದೇ ಇಲ್ಲ, ಅಡ್ಡ ಬಂದದ್ದು ಮಾತ್ರ ಏಳುತ್ತದೆ. ಆದ್ದರಿಂದ ಒಂದೇ ಬೆಳಕಿನಲ್ಲಿ ತೆಗೆದ ಯಾವ ಫೋಟೋವೂ ಪೂರ್ತಿ ನಿಜ ಹೇಳುವುದಿಲ್ಲ. ಈಗಿನವರು ಬೇರೆಬೇರೆ ಕೋನದಿಂದ ಬೆಳಕು ಬಿಟ್ಟು ಹತ್ತಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಪರದೆಯ ಮೇಲೆ ಮೌಸ್ ಆಡಿಸಿದಂತೆ ಬೆಳಕು ಸುತ್ತುತ್ತದೆ. ಅವಳು ಅದನ್ನೂ ತೋರಿಸಿದಳು. ನನಗೆ ಟಾರ್ಚೇ ಸೇರಿತು.

ಆ ಹೆಂಗಸರ ಬಗ್ಗೆ ಸ್ವಲ್ಪ ಹೇಳಬೇಕು. ಗೊನ್ನರ್ಸ್‌ಡೋರ್ಫ್‌ನ ಕಲ್ಲುಗಳಲ್ಲಿ ಸುಮಾರು 400 ಸ್ತ್ರೀ ಆಕೃತಿಗಳನ್ನು ಗುರುತಿಸಿದ್ದಾರೆ. ಕುದುರೆ 70ಕ್ಕೂ ಹೆಚ್ಚು, ಮ್ಯಾಮತ್ 60ರಷ್ಟು. ಪ್ರಾಣಿಗಳಿಗೆ ಕಣ್ಣು, ಕೂದಲು, ಸೊಂಡಿಲ ಸುಕ್ಕು ಎಲ್ಲವೂ ಇವೆ. ಮ್ಯಾಮತ್‌ನ ರೋಮಕ್ಕೆ ಪುಟ್ಟ ಪುಟ್ಟ ಗೀರುಗಳನ್ನು ಬೇಸರವಿಲ್ಲದೆ ಎಳೆದಿದ್ದಾರೆ. ಹೆಂಗಸರಿಗೆ ಮಾತ್ರ ತಲೆಯಿಲ್ಲ, ಪಾದವಿಲ್ಲ. ಪಕ್ಕದಿಂದ ನೋಡಿದ ಮೈ, ಹಿಂದಕ್ಕೆ ಚಾಚಿದ ನಿತಂಬ, ಕೆಲವರಿಗೆ ಮೊಲೆ, ಕೆಲವರಿಗೆ ಮುಂದಕ್ಕೆ ಎತ್ತಿದ ಕೈ. ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತಿರುತ್ತಾರೆ. ಬೊಸಿನ್‌ಸ್ಕಿ ಅದನ್ನು ಕುಣಿತ ಎಂದರು. ನಾಲ್ವರು ಸಾಲಾಗಿರುವ ಒಂದು ಕಲ್ಲಿನಲ್ಲಿ ಒಬ್ಬಳ ಬೆನ್ನಿಗೆ ಕೂಸು ಕಟ್ಟಿದಂತೆ ಇದೆ. ಇದೇ ಆಕಾರದ ಹೆಂಗಸರು ಫ್ರಾನ್ಸಿನ ದೋರ್ದೋನ್ಯ್ ಪ್ರಾಂತದಿಂದ ಪೋಲೆಂಡಿನವರೆಗೆ ಕಲ್ಲಿನಲ್ಲೂ ದಂತದಲ್ಲೂ ಕೊಂಬಿನಲ್ಲೂ ಸಿಕ್ಕಿದ್ದಾರೆ. ತಲೆಯಿಲ್ಲದ ಹೆಣ್ಣನ್ನು ನೋಡಿದ ಕೂಡಲೇ ನಮ್ಮವರಿಗೆ ಲಜ್ಜಾಗೌರಿಯ ನೆನಪಾಗುತ್ತದೆ, ನನಗೂ ಆಯಿತು. ಆದರೆ ಆ ದಾರಿ ಹಿಡಿಯುವುದು ಬೇಡ. ನಡುವೆ ಹದಿಮೂರು ಸಾವಿರ ವರ್ಷವೂ ಇಡೀ ಒಂದು ಭೂಭಾಗವೂ ಬಿದ್ದಿವೆ.

ನನ್ನನ್ನು ಕಾಡಿದ್ದು ಬೇರೆ. ಈ ಕಲ್ಲುಗಳು ಸಿಕ್ಕದ್ದು ಎಲ್ಲಿ? ಗೂಡಿನಲ್ಲಲ್ಲ, ಸಮಾಧಿಯಲ್ಲಲ್ಲ. ನೆಲದಲ್ಲಿ. ಬೊಸಿನ್‌ಸ್ಕಿ ಊಹಿಸಿದಂತೆ ಚರ್ಮ ಹೊದಿಸಿದ ದುಂಡು ಗುಡಾರಗಳಿದ್ದವು. ಕೆಸರಾಗದಿರಲೆಂದು ಒಳಗೂ ಹೊರಗೂ ಸ್ಲೇಟು ಹಾಸಿದ್ದರು. ಆ ಹಾಸುಗಲ್ಲುಗಳ ನಡುವೆಯೇ ಚಿತ್ರದ ಕಲ್ಲುಗಳೂ ಇದ್ದವು. ಅವುಗಳ ಮೇಲೆ ನಡೆದಿದ್ದಾರೆ, ಕುದುರೆಯ ಎಲುಬು ಒಡೆದಿದ್ದಾರೆ. ಎಷ್ಟೋ ಕಲ್ಲುಗಳು ಚೂರಾಗಿ ಚೆಲ್ಲಿಹೋಗಿದ್ದವು. ಮೆಡಿಟರೇನಿಯನ್ ಕಡಲಿನ ಕಪ್ಪೆಚಿಪ್ಪನ್ನು ಅಷ್ಟು ದೂರದಿಂದ ತರಿಸಿಕೊಂಡು ಪೋಣಿಸಿ ಹಾಕಿಕೊಂಡ ಜನ ಇವರು. ಕಡಲು ನೂರಾರು ಕಿಲೋಮೀಟರ್ ದೂರವಿದ್ದರೂ ಕಡಲುನಾಯಿಯ ಚಿತ್ರ ಗೀಚಿದವರು. ಕಾಪಾಡಿಕೊಳ್ಳುವ ಗುಣ ಇರಲಿಲ್ಲ ಎನ್ನುವಂತಿಲ್ಲ. ಹಾಗಿದ್ದೂ ಚಿತ್ರವನ್ನು ಕಾಲಡಿ ಹಾಕಿದರು.

ಕಲ್ಲಿನಲ್ಲಿ ಕೊರೆದದ್ದೆಂದರೆ ಉಳಿಯಲೆಂದು ಕೊರೆದದ್ದು ಎಂಬುದು ನಮ್ಮ ನಾಡಿನಲ್ಲಿ ಹುಟ್ಟಿದವರಿಗೆ ಹುಟ್ಟಿನಿಂದಲೇ ಬಂದ ನಂಬಿಕೆ. ಊರ ಮುಂದೆ ಶಾಸನ, ಗುಡಿಯ ಪಕ್ಕ ವೀರಗಲ್ಲು, ಅದರ ನೆತ್ತಿಯಲ್ಲಿ ಸೂರ್ಯಚಂದ್ರ. ಬಳ್ಳಾರಿ ಹತ್ತಿರದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಕ್ಕೆ ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದುಂಟು. 1892ರಲ್ಲಿ ಮೊದಲ ಬಾರಿಗೆ ಹೊರಗಿನವರ ಗಮನಕ್ಕೆ ಬಂದ ಆ ಕಪ್ಪು ಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ಮೂಡಿಸಿದ ಉದ್ದ ಕೋಡಿನ ಎತ್ತುಗಳಿವೆ. ಬಂಡೆ ಎಲ್ಲಿಗೂ ಹೋಗುವುದಿಲ್ಲ, ನೋಡುವವನೇ ಹತ್ತಿ ಬರಬೇಕು. ಎತ್ತಿ ಒಯ್ಯುವಂಥ ಗೀರುಗಲೆ ನಮ್ಮ ದೇಶದಲ್ಲಿ ತೀರಾ ಕಡಿಮೆ: ಜಳಗಾಂವ್ ಜಿಲ್ಲೆಯ ಪಾಟಣೆಯಲ್ಲಿ ಸಿಕ್ಕ, ಅಡ್ಡಉದ್ದ ಗೆರೆ ಕೊರೆದ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪು; ರಾಜಸ್ಥಾನದ ಚಂದ್ರಾವತಿಯಲ್ಲಿ ಸಿಕ್ಕ, ವಿನ್ಯಾಸ ಕೊರೆದ ಕಲ್ಲಿನ ತಿರುಳು. ಅವೂ ಒಂದೊಂದೇ. ಗೊನ್ನರ್ಸ್‌ಡೋರ್ಫ್‌ನ ರಾಶಿಯನ್ನು ಅಳೆಯಲು ಶಾಸನವೂ ಬರುವುದಿಲ್ಲ, ಬಂಡೆಚಿತ್ರವೂ ಬರುವುದಿಲ್ಲ. ನನಗೆ ಬಂದದ್ದು ಪಾಟಿ.

ಒಂದನೇ ಇಯತ್ತೆಯಲ್ಲಿ ನಮಗೆ ಕೊಟ್ಟ ಪಾಟಿ ಆಂಧ್ರದ ಮಾರ್ಕಾಪುರದ ಕಲ್ಲಿನದು, ಕಟ್ಟಿಗೆಯ ಚೌಕಟ್ಟು. ಅದೂ ಇದೇ ಜಾತಿಯ ಕಲ್ಲು. ಅದರ ಮೇಲೆ ಬರೆದದ್ದನ್ನು ಯಾರೂ ಕಾಪಿಡಲಿಲ್ಲ. ಬರೆದೆ, ಮಾಸ್ತರರು ನೋಡಿದರು, ಉಗುಳು ಹಚ್ಚಿ ಒರೆಸಿದೆ, ಮತ್ತೆ ಬರೆದೆ. ಕೈ ತಿರುಗುವುದಷ್ಟೇ ಅಲ್ಲಿ ನಡೆಯಬೇಕಾದ ಕೆಲಸ.

ಇದು ಬರೀ ಮಾತಾಗಬಾರದೆಂದು ಒಂದು ಪ್ರಯೋಗ ಮಾಡಿದೆ. ಮಗಳ ಬೀದಿಯಲ್ಲಿ ಒಂದು ಮನೆಯ ಮಾಡು ರಿಪೇರಿ ನಡೆದಿತ್ತು. ಕೆಲಸಗಾರರು ಒಡೆದ ಸ್ಲೇಟುಗಳನ್ನು ಗುಡ್ಡೆ ಹಾಕಿದ್ದರು. ಕೇಳಿದಾಗ ನಗುತ್ತ ನಾಲ್ಕಾರು ತುಂಡು ಕೊಟ್ಟರು. ಚಕಮಕಿ ಕಲ್ಲಿನ ಚೂರನ್ನು ಮಕ್ಕಳ ಆಟಿಕೆಯ ಜೊತೆಗೆ ಅಂಗಡಿಯಲ್ಲೇ ಮಾರುತ್ತಾರೆ. ಬಾಲ್ಕನಿಯಲ್ಲಿ ತೊಡೆಯ ಮೇಲೆ ಕಲ್ಲಿಟ್ಟುಕೊಂಡು ಕೂತೆ. ಮೊದಲ ಗೆರೆ ಎಳೆದಾಗ ಕಿರ್ರೆಂದು ಬಿಳಿ ಗೆರೆ ಎದ್ದಿತು. ಕಪ್ಪಿನ ಮೇಲೆ ಬಿಳಿ, ಬಳಪದಷ್ಟೇ ಸ್ಪಷ್ಟ. ಟಾರ್ಚೂ ಬೇಡ, ಓರೆ ಬೆಳಕೂ ಬೇಡ. ಮ್ಯೂಸಿಯಂನಲ್ಲಿ ಮಂಡಿಯೂರಿ ಹುಡುಕುವ ಗೆರೆ, ಎಳೆದ ಹೊತ್ತಿಗೆ ಗುಡಾರದ ಆ ತುದಿಗೂ ಕಾಣುತ್ತಿತ್ತು. ಆಮೇಲೆ ಒದ್ದೆ ಬೆರಳು ಆಡಿಸಿದೆ. ಗೀರಿನ ಪುಡಿ ಬೆರಳಿಗೆ ಬಂತು, ಗೆರೆ ಮಾಯ. ಕಲ್ಲು ಆರಿದ ಮೇಲೆ ತೆಳ್ಳಗೆ ಮತ್ತೆ ತೋರಿತು, ಆದರೆ ಅದರ ಮೇಲೆ ಹೊಸ ಗೆರೆ ಎಳೆದರೆ ಕಣ್ಣಿಗೆ ಹೊಸದೇ ಬೀಳುತ್ತದೆ, ಹಳೆಯದು ಹಿಂದೆ ಸರಿಯುತ್ತದೆ. ಒಂದರ ಮೇಲೊಂದು ಇಪ್ಪತ್ತು ಆಕೃತಿ ಗೀಚಿದರೂ ಗೀಚುವವನಿಗೆ ಗೊಂದಲವಿಲ್ಲ. ಗೊಂದಲ ಏನಿದ್ದರೂ ಹದಿನೈದು ಸಾವಿರ ವರ್ಷದ ನಂತರ ಬಂದು ಎಲ್ಲ ಗೆರೆಯನ್ನೂ ಒಟ್ಟಿಗೆ ನೋಡುವ ನಮ್ಮದು.

ಇನ್ನೊಂದು ಸಂಗತಿ ಕೈಗೇ ತಿಳಿಯಿತು. ಚಕಮಕಿಯ ಚೂಪು ನೇರ ಗೆರೆಗೆ ಒಗ್ಗುತ್ತದೆ, ಸಣ್ಣ ತಿರುವಿನಲ್ಲಿ ಹಟಮಾಡಿ ಜಾರುತ್ತದೆ. ಕುದುರೆಯ ಹೊಳ್ಳೆ ಮಾಡಲು ಹೋದರೆ ಮೂರು ಕಡೆ ಗೀರು ಹಾರಿತು. ಹೆಂಗಸಿನ ಬೆನ್ನು ಮಾತ್ರ ಸರಾಗ: ಮೇಲಿಂದ ಕೆಳಕ್ಕೆ ಮೈಯ ಕಡೆಗೆ ಎಳೆದುಕೊಳ್ಳುತ್ತ ಮಣಿಕಟ್ಟು ಹೊರಳಿಸಿದರೆ ಬೆನ್ನು, ನಿತಂಬ, ತೊಡೆ ಒಂದೇ ಉಸಿರಿಗೆ ಬರುತ್ತವೆ. ಮುಂದಿನ ಗೆರೆ ಇನ್ನೊಂದು ಎಳೆತ. ಎರಡು ಗೆರೆಗೆ ಒಬ್ಬಳು. ಅರ್ಧ ನಿಮಿಷದಲ್ಲಿ ಸಾಲು ನಿಲ್ಲಿಸಬಹುದು. ಆ ಆಕೃತಿ ಅಷ್ಟು ದೇಶಗಳಲ್ಲಿ ಅಷ್ಟು ಏಕರೂಪವಾಗಿ ಹಬ್ಬಿದ್ದಕ್ಕೆ ಧರ್ಮ, ಸಂಕೇತ ಏನೇ ಕಾರಣ ಹೇಳಲಿ, ಕೈಗೆ ಸುಲಭವಾಗಿ ಕೂಡುವ ಗೆರೆ ಎಂಬುದನ್ನೂ ಅದಕ್ಕೆ ಸೇರಿಸಬೇಕೆಂದು ನನ್ನ ವಾದ. ನಮ್ಮ ಹೆಣ್ಣುಮಕ್ಕಳು ಹೊಸ್ತಿಲಿಗೆ ರಂಗೋಲಿ ಎಳೆಯುವಾಗ ಅರ್ಥ ಯೋಚಿಸುತ್ತ ಎಳೆಯುವುದಿಲ್ಲ.

'ಅಪ್ಪಾ, ಬಟ್ಟಿ ಒಣಹಾಕೋ ಜಾಗಾ ಎಲ್ಲಾ ಬೂದಿ ಮಾಡೀರಿ ನೋಡ್ರಿ' ಎಂದು ಮಗಳು ಬಂದಳು. ಒಂದು ಕಲ್ಲು ಎತ್ತಿ ನೋಡಿ, 'ಇದು ಏನ್ರಿ?' ಎಂದಳು. ಮ್ಯಾಮತ್ ಎಂದೆ. ತಿರುಗಿಸಿ ನೋಡಿ, 'ನನಗಂತೂ ಹೊರಸು ಕಂಡಂಗ ಆತು' ಎಂದು ಕೊಟ್ಟುಹೋದಳು. ಗೀಚಿದವನೇ ಪಕ್ಕದಲ್ಲಿ ಕೂತು ಇಂಥದ್ದು ಎಂದು ಹೇಳುತ್ತಿರುವಾಗಲೇ ಈ ಅವಸ್ಥೆ.

ಹಾಗಾಗಿ ಈ ಕಲ್ಲುಗಳನ್ನು ಓದಿದವರ ಮೇಲೆ ನನಗೆ ಭಕ್ತಿಯೂ ಇದೆ, ಸಣ್ಣ ಅನುಮಾನವೂ ಇದೆ. ಬೊಸಿನ್‌ಸ್ಕಿ ಮತ್ತು ಗಿಸೆಲಾ ಫಿಷರ್ ಸೇರಿ 1974ರಲ್ಲಿ ಮನುಷ್ಯಾಕೃತಿಗಳ ಸಂಪುಟವನ್ನೂ 1980ರಲ್ಲಿ ಮ್ಯಾಮತ್ ಮತ್ತು ಕುದುರೆಗಳ ಸಂಪುಟವನ್ನೂ ತಂದರು. ಕಲ್ಲಿನ ಮೇಲಿನ ಗೆರೆಗಳನ್ನೆಲ್ಲ ಕಾಗದಕ್ಕಿಳಿಸಿ, ಅದರಿಂದ ಆಕೃತಿಯನ್ನು ಬೇರ್ಪಡಿಸಿ ತೋರಿಸುವ ಕೆಲಸ ಅದು. ಮುಂದೆ ಫ್ರಾಂಚೆಸ್ಕೋ ದೆರಿಕೊ ಸೂಕ್ಷ್ಮದರ್ಶಕ ಹಿಡಿದು ಬಂದರು. ಎರಡು ಗೀರು ಕೂಡುವಲ್ಲಿ ನೋಡಿದರೆ ನಂತರ ಎಳೆದದ್ದು ಮೊದಲಿನದನ್ನು ಕತ್ತರಿಸಿಕೊಂಡು ಹೋಗಿರುತ್ತದೆ. ಗೀರಿನ ತಳದಲ್ಲಿ ಚಕಮಕಿಯ ಅಂಚಿನ ನವಿರು ಎಳೆಗಳಿರುತ್ತವೆ. ಚೂಪು ಎತ್ತ ಹೊರಟಿತು, ಎಲ್ಲಿ ಕೈ ಎತ್ತಿತು ಎಂಬುದನ್ನು ಅವು ಹೇಳುತ್ತವೆ. ಫ್ರಾನ್ಸಿನ ಲಾ ಮಾರ್ಷ್ ಗುಹೆಯ ಕಥೆ ಇನ್ನೂ ದೊಡ್ಡದು. 1937ರಲ್ಲಿ ಸ್ತೆಫಾನ್ ಲ್ವೋಫ್ ಮತ್ತು ಲೇಯೋನ್ ಪೆರಿಕಾರ್ ಅಲ್ಲಿ ಅಗೆಯತೊಡಗಿದರು. 1,500ಕ್ಕೂ ಮಿಕ್ಕಿ ಗೀರುಗಲ್ಲುಗಳು ಸಿಕ್ಕವು. ಮನುಷ್ಯರ ಮುಖಗಳು ಅಷ್ಟು ಸಹಜವಾಗಿದ್ದದ್ದೇ ತಪ್ಪಾಗಿ, ಇವು ಅಸಲಿಯೇ ಎಂದು ಕೇಳಿದವರೂ ಇದ್ದರು. ವೈದ್ಯನಾಗಿದ್ದ ಲೇಯೋನ್ ಪಾಲ್ಸ್ ವರ್ಷಗಟ್ಟಲೆ ಅವುಗಳಿಗೆ ಕೂತರು. ಅವರ ಸಂಪುಟಗಳು 1969ರಿಂದ 1989ರವರೆಗೆ ಒಂದೊಂದಾಗಿ ಬಂದವು. ಕೊನೆಯದು ಬಂದಾಗ ಅವರು ಬದುಕಿರಲಿಲ್ಲ.

ಇವರೆಲ್ಲರ ಪುಸ್ತಕದ ಚಿತ್ರಗಳು ಸೊಗಸಾಗಿವೆ. ನಾವು ತರಗತಿಯಲ್ಲಿ ತೋರಿಸುವುದೂ ಅವನ್ನೇ. ಆದರೆ ಡ್ರಾಯಿಂಗ್ ಮಾಸ್ತರನ ಕಣ್ಣಿಗೆ ಅದು ಹಿಮಯುಗದವನ ಗೆರೆಯ ಜೊತೆಗೆ ಇಪ್ಪತ್ತನೇ ಶತಮಾನದವರ ಗೆರೆಯೂ ಹೌದು. ನೂರು ಗೀರಿನಲ್ಲಿ ಹನ್ನೆರಡನ್ನು ಆರಿಸಿ ಕುದುರೆ ಎಂದರೆ ಉಳಿದ ಎಂಬತ್ತೆಂಟು ಎಲ್ಲಿ ಹೋದವು? ಮ್ಯೂಸಿಯಂನಲ್ಲಿ ಆ ವಿದ್ಯಾರ್ಥಿನಿಯನ್ನು ಇದನ್ನೇ ಕೇಳಿದೆ. ಅವಳು ನಕ್ಕು, ಎಷ್ಟೋ ಕಲ್ಲುಗಳಲ್ಲಿ ಬರೀ ಆ ಎಂಬತ್ತೆಂಟೇ ಇವೆ, ಅಂಥವು ಡ್ರಾಯರುಗಳಲ್ಲಿ ತುಂಬಿವೆ, ಪ್ರದರ್ಶನಕ್ಕೆ ಬರುವುದಿಲ್ಲ ಎಂದಳು. ಅವಳ ಕೆಲಸ ಡ್ರಾಯರಿನದೇ ಎಂದು ಆಮೇಲೆ ತಿಳಿಯಿತು.

ಉ‍ಳಿದದ್ದನ್ನು ನೋಡುವ ಹಟ ಈಚೆಗೆ ಹೆಚ್ಚಿದೆ, ಅದು ಒಳ್ಳೆಯದು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಫ್ರಾನ್ಸಿನ ಮೊಂಟಾಸ್ಟ್ರುಕ್‌ನ 50 ಸುಣ್ಣಕಲ್ಲಿನ ಚಪ್ಪಡಿಗಳನ್ನು ಯಾರ್ಕ್ ಮತ್ತು ಡರಮ್ ವಿಶ್ವವಿದ್ಯಾಲಯಗಳ ತಂಡ ಪರೀಕ್ಷಿಸಿ 2022ರಲ್ಲಿ ವರದಿ ಮಾಡಿತು. ಕಲ್ಲುಗಳ ಅಂಚಿನಲ್ಲಿದ್ದ ನಸುಗೆಂಪು ಕಲೆ ಬೆಂಕಿಯ ಶಾಖದ್ದು. ಒಲೆಯ ಹತ್ತಿರ ಇಟ್ಟು, ಅಲುಗುವ ಬೆಳಕಿನಲ್ಲಿ ನೋಡಲೆಂದೇ ಇದನ್ನು ಮಾಡಿರಬಹುದೆಂದು ಅವರ ತರ್ಕ. ಕಂಪ್ಯೂಟರಿನಲ್ಲಿ ಕಲ್ಲಿನ ಮಾದರಿ ಮಾಡಿ ಬೆಂಕಿಯ ಬೆಳಕು ಬಿಟ್ಟರೆ ಒಂದರ ಮೇಲೊಂದು ಗೀಚಿದ ಪ್ರಾಣಿಗಳು ಸರದಿಯಂತೆ ಎದ್ದು ಮರೆಯಾಗುತ್ತವೆ. ಎಡದಿಂದ ಮೇಲಕ್ಕೆ ಸರಿದ ಆ ಟಾರ್ಚನ್ನು ಕಂಡಿದ್ದ ನಾನು ಇದನ್ನು ಒಪ್ಪಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಆಂಡರ್ನಾಖ್‌ಗೂ ಹೋಗಿಬಂದೆವು. ಅಲ್ಲಿ ಪ್ರವಾಸಿಗರು ಮುಗಿಬೀಳುವುದು ನೆಲದಿಂದ 60 ಮೀಟರ್ ಎತ್ತರಕ್ಕೆ ಚಿಮ್ಮುವ ತಣ್ಣೀರಿನ ಬುಗ್ಗೆಗೆ. ಮೊಮ್ಮಗನಿಗೆ ಅದೇ ಬೇಕಿತ್ತು, ಅದನ್ನೇ ನೋಡಿದೆವು. ಲಾಖರ್ ಸರೋವರದ ದಂಡೆಯಲ್ಲಿ ನೀರಿನಿಂದ ಇಂದಿಗೂ ಗುಳ್ಳೆಗಳು ಏಳುತ್ತವೆ. ಕೆಳಗಿನ ಜ್ವಾಲಾಮುಖಿಯ ಗಾಳಿಯದು.

ಊರಿಗೆ ಮರಳಿದ ಮೇಲೆ, 2024ರ ನವೆಂಬರಿನಲ್ಲಿ ಮಗಳು ಒಂದು ಲೇಖನ ಕಳಿಸಿದಳು. ಮೊನ್‌ರೆಪೋ ಮತ್ತು ಡರಮ್‌ನ ಸಂಶೋಧಕರು ಗೊನ್ನರ್ಸ್‌ಡೋರ್ಫ್‌ನ ಕಲ್ಲುಗಳನ್ನು ಬೆಳಕು ಸುತ್ತಿಸುವ ಆ ತಂತ್ರದಿಂದ ಮತ್ತೆ ನೋಡಿದ್ದರು. ಮೀನಿನ ಆಕೃತಿಗಳು, ಅವುಗಳ ಮೇಲೆ ಜಾಲರಿಯಂತೆ ಹೆಣೆದ ಅಡ್ಡಉದ್ದ ಗೆರೆಗಳು. ಇದು ಬಲೆ ಎಂದು ಅವರ ನಿರ್ಣಯ; ಹಾಗಾದರೆ ಬಲೆಯ ಮೀನುಗಾರಿಕೆಯ ಚಿತ್ರಗಳಲ್ಲಿ ಇದಕ್ಕಿಂತ ಹಳೆಯದಿಲ್ಲ. ಆ ಕಾಲದವರು ಮೀನು ತಿನ್ನುತ್ತಿದ್ದರೆಂದು ಮುಳ್ಳುಗಳು ಹೇಳಿದ್ದವು. ಹೇಗೆ ಹಿಡಿಯುತ್ತಿದ್ದರೆಂದು ಹೇಳುವವರಿರಲಿಲ್ಲ. ನಾರು ಕೊಳೆತುಹೋಗುತ್ತದೆ, ಬಲೆ ಉಳಿಯುವುದಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಲ್ಲುಗಳು ಕೈಯಲ್ಲೇ ಇದ್ದವು.

ಜಾಲರಿಗೆರೆ ಕಂಡಲ್ಲೆಲ್ಲ ಬಲೆ ಎನ್ನುವುದಕ್ಕೆ ನನ್ನ ಅಡ್ಡಿಯಿದೆ. ಲಾಸ್ಕೋದ ಗೋಡೆಯಲ್ಲೂ ಚೌಕುಳಿಗಳಿವೆ, ಅವುಗಳಲ್ಲಿ ಮೀನಿಲ್ಲ. ಆದರೂ ಚಿತ್ರವನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಜೇಬಿಗೆ ಹಾಕಿಕೊಂಡೆ. ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಊರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ, ಅಂಬಿಗರವನು. ಡ್ರಾಯಿಂಗ್‌ನಲ್ಲಿ ಎಂದೂ ಪಾಸಾದವನಲ್ಲ. ಹರಿಗೋಲಿನ ಪಕ್ಕ ಬಲೆಯ ಹರುಕು ಹೊಲಿಯುತ್ತ ಕೂತಿದ್ದ. ಯಾವ ಕಾಲದ್ದು, ಯಾವ ದೇಶದ್ದು ಏನೂ ಹೇಳದೆ ಕಾಗದ ಕೊಟ್ಟೆ.

ಬಹಳ ಹೊತ್ತು ನೋಡಿದ. 'ಮೀನ ಐತ್ರಿ ಸರ, ಬಲಿನೂ ಐತಿ' ಎಂದ.

'ಬಲಿ ಹೌದಂತೀಯೇನು?'

'ಹೌದ್ರೀ. ಆದ್ರ ನೀರಾಗ ಬಲಿ ಹಿಂಗ ಚೌಕ ಚೌಕ ಕಾಣಂಗಿಲ್ರಿ. ನೀರಾಗ ಇದ್ದಾಗ ಕಣ್ಣು ಎಲ್ಲಾ ಸಡ್ಲ ಇರ್ತಾವ. ಮ್ಯಾಲೆ ಎಳದಾಗ, ಮೀನ ಭಾರ ಬಿದ್ದು ಬಿಗೀತೈತಲ್ರಿ, ಆವಾಗ ಹಿಂಗ ಕಾಣತೈತಿ. ಇದನ್ನ ತಗದಾವ ದಂಡೀಗೆ ಕುಂತು ತಗದಾನ್ರಿ.'

ಆ ಮಾತನ್ನು ಅಂದು ಸಂಜೆಯೇ ಮಗಳಿಗೆ ಬರೆದು ಕಳಿಸಿದೆ. ಮ್ಯೂಸಿಯಂನ ಡ್ರಾಯರಿನ ಹುಡುಗಿಗೆ ಇದನ್ನು ಇಂಗ್ಲಿಷಿನಲ್ಲಿ ಮುಟ್ಟಿಸಬೇಕು, ಮೀನಿನ ಗೆರೆ ಮೊದಲೋ ಬಲೆಯ ಗೆರೆ ಮೊದಲೋ ಎಂದು ಅವಳು ಸೂಕ್ಷ್ಮದರ್ಶಕದಲ್ಲಿ ನೋಡಲಿ ಎಂದು ಸೇರಿಸಿದ್ದೇನೆ.